ಹೇಳಿ ಹೋದ ವೈದ್ಯರು

1902ರ ಅಕ್ಟೋಬರ್ 12ರಂದು ಮಲಬಾರಿನ ಕೊಟ್ಟಕ್ಕಲ್ ಎಂಬ ಸಣ್ಣ ಊರಿನಲ್ಲಿ 33 ವರ್ಷದ ವೈದ್ಯರೊಬ್ಬರು ಒಂದು ಔಷಧಿ ಅಂಗಡಿ ತೆರೆದರು. ಅದಕ್ಕೆ ಆರ್ಯ ವೈದ್ಯಶಾಲೆ ಎಂದು ಹೆಸರಿಟ್ಟರು. ಕಷಾಯ, ಅರಿಷ್ಟ, ತೈಲ, ಲೇಹ್ಯ, ಗುಳಿಗೆ, ಎಲ್ಲವೂ ಅಲ್ಲಿ ತಯಾರಾಗಿಯೇ ಸಿಗುತ್ತಿದ್ದವು. ಇವತ್ತು ಶಿರಸಿಯಲ್ಲೋ ಕುಮಟೆಯಲ್ಲೋ ಆಯುರ್ವೇದದ ಅಂಗಡಿಗೆ ಹೋದರೆ ಕಪಾಟಿನ ತುಂಬ ಇಂಥ ಬಾಟಲಿಗಳೇ ಇರುತ್ತವೆ. ಅದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ನನಗೆ ಅದು ದೊಡ್ಡ ವಿಷಯವೇ. ಈಗ ನಾವು ಕಾಣುತ್ತಿರುವ ಆಯುರ್ವೇದದ ಕಥೆ ಆ ಅಂಗಡಿಯ ಬಾಗಿಲಿನಿಂದ ಶುರುವಾಗುತ್ತದೆ ಅಂತ ನಾನು ನಂಬಿದ್ದೇನೆ.

ಅದಕ್ಕೂ ಮೊದಲು ಹೇಗಿತ್ತು ನೋಡಿ. ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಬೇಕಾದ ಬೇರು ತೊಗಟೆಗಳ ಪಟ್ಟಿ ಬರೆದು ಕೊಡುತ್ತಿದ್ದರು. ಹುಡುಕಿ ತರುವುದು, ಕುಟ್ಟುವುದು, ಕುದಿಸುವುದು ರೋಗಿಯ ಮನೆಯವರ ಕೆಲಸ. ಕಷಾಯಕ್ಕೆ ಶಾಸ್ತ್ರದ ಲೆಕ್ಕ ಅಂದರೆ ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು. ಅದು ಎಂಟರಲ್ಲಿ ಒಂದು ಪಾಲಿಗೆ ಇಳಿಯುವ ತನಕ ಕುದಿಯಬೇಕು. ದಿನಾ ಮಾಡಬೇಕು, ಯಾಕೆಂದರೆ ಮಾರನೇ ದಿನಕ್ಕೆ ಅದು ಕೆಡುತ್ತದೆ. ಮನೆಯಲ್ಲಿ ಆಳುಕಾಳು ಇದ್ದವರಿಗೆ ನಡೆಯಿತು. ಕೂಲಿಗೆ ಹೋಗುವ ಹೆಂಗಸಿಗೆ, ಜ್ವರ ಬಂದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಇಷ್ಟೆಲ್ಲ ಮಾಡಲು ಆಗುತ್ತಿತ್ತಾ? ಬೇರು ತಪ್ಪಾಗಿ ಬಂದರೆ ಅದು ವೈದ್ಯರಿಗೂ ಗೊತ್ತಾಗುತ್ತಿರಲಿಲ್ಲ.

ಅಂಗಡಿ ತೆರೆದವರು ಪನ್ನಿಯಂಪಿಳ್ಳಿ ಶಂಕುಣ್ಣಿ ವಾರಿಯರ್. ಎಲ್ಲರೂ ಪಿ. ಎಸ್. ವಾರಿಯರ್ ಎನ್ನುತ್ತಾರೆ. ಹುಟ್ಟಿದ್ದು 1869ರಲ್ಲಿ. ಕೇರಳದಲ್ಲಿ ಅಷ್ಟವೈದ್ಯರು ಅಂತ ಹಳೆಯ ವೈದ್ಯ ಮನೆತನಗಳಿವೆ. ಅದರಲ್ಲೊಂದಾದ ಕುಟ್ಟಂಚೇರಿ ಮೂಸ್ ಅವರ ಮನೆಯಲ್ಲಿ ಗುರುಕುಲದ ರೀತಿಯಲ್ಲಿ ಓದಿದರು. ಅಲ್ಲಿಗೇ ನಿಂತಿದ್ದರೆ ಒಳ್ಳೆಯ ವೈದ್ಯರಾಗಿ ಬಾಳಿ, ಊರವರ ನೆನಪಿನಲ್ಲಿ ಒಂದೆರಡು ತಲೆಮಾರು ಉಳಿದು ಹೋಗುತ್ತಿದ್ದರು. ಆದರೆ ಅವರಿಗೆ ಕಣ್ಣಿನ ಕಾಯಿಲೆ ಬಂತು. ಅದಕ್ಕೆ ಮಂಜೇರಿಯ ಸರ್ಕಾರಿ ಆಸ್ಪತ್ರೆಯ ಡಾ. ವರ್ಗೀಸ್ ಎಂಬ ಅಲೋಪಥಿ ವೈದ್ಯರ ಹತ್ತಿರ ಹೋದರು. ಕಣ್ಣು ತೋರಿಸಲು ಹೋದವರು ಅವರ ಶಿಷ್ಯರಾದರು. ಕೆಲವು ವರ್ಷ ಅವರ ಜೊತೆಗಿದ್ದು ಇಂಗ್ಲಿಷ್ ವೈದ್ಯ ಕಲಿತರು.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಗುರುಮನೆಯಲ್ಲಿ ಅಷ್ಟಾಂಗಹೃದಯ ಎಂಬ ಸಂಸ್ಕೃತದ ಆಯುರ್ವೇದ ಗ್ರಂಥ ಕಂಠಪಾಠ ಮಾಡಿದವರು, ಇನ್ನೊಂದು ಪದ್ಧತಿಯ ಆಸ್ಪತ್ರೆಯಲ್ಲಿ ನಿಂತು ನೋಡಿ ಕಲಿಯುವುದು ಅಂದರೆ ಮನಸ್ಸು ಎಷ್ಟು ತೆರೆದಿರಬೇಕು! ಅಲ್ಲಿ ಅವರಿಗೆ ಎರಡು ವಿಷಯ ಎದ್ದು ಕಂಡಿರಬೇಕು ಅಂತ ನನಗನ್ನಿಸುತ್ತದೆ. ಒಂದು, ಔಷಧಿ ರೋಗಿಯ ಕೈಗೆ ತಯಾರಾಗಿಯೇ ಸಿಗುತ್ತದೆ. ಇನ್ನೊಂದು, ಆ ವೈದ್ಯದಲ್ಲಿ ಗುಟ್ಟು ಅಂತ ಇಲ್ಲ. ಎಲ್ಲ ಪುಸ್ತಕದಲ್ಲಿದೆ, ಓದಿದವರೆಲ್ಲ ಕಲಿಯಬಹುದು.

ಈ ಎರಡನೆಯದೇ ನಾನಿಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು.

ವಾರಿಯರ್ ಅಂಗಡಿ ತೆರೆದ ಮರುವರ್ಷವೇ, 1903ರಲ್ಲಿ, ‘ಧನ್ವಂತರಿ’ ಎಂಬ ಮಲಯಾಳಂ ವೈದ್ಯ ಪತ್ರಿಕೆ ಶುರು ಮಾಡಿದರು. ಎರಡು ದಶಕ ಅದನ್ನು ನಡೆಸಿದರು. 1917ರಲ್ಲಿ ಕೋಳಿಕ್ಕೋಡಿನಲ್ಲಿ ಆರ್ಯ ವೈದ್ಯ ಪಾಠಶಾಲೆ ತೆರೆದರು. ಅಲ್ಲಿ ಆಯುರ್ವೇದದ ಜೊತೆಗೆ ಆಧುನಿಕ ವೈದ್ಯದ ವಿಷಯಗಳನ್ನೂ ಕಲಿಸಿದರು. ಅದು ಆಮೇಲೆ ಕೊಟ್ಟಕ್ಕಲ್‌ಗೆ ಬಂತು, ಇವತ್ತು ದೊಡ್ಡ ಕಾಲೇಜಾಗಿದೆ. 1924ರಲ್ಲಿ ಬಡವರಿಗೆ ಧರ್ಮಾಸ್ಪತ್ರೆ ಕಟ್ಟಿಸಿದರು. ಹಳೆಯ ಗ್ರಂಥಗಳಲ್ಲಿರುವ ದೇಹರಚನೆಯ ವಿವರ ಸಾಲದು ಅಂತ ಅವರಿಗೆ ಅನ್ನಿಸಿತ್ತು. ಅದಕ್ಕೆ ‘ಅಷ್ಟಾಂಗಶಾರೀರಂ’ ಎಂಬ ಗ್ರಂಥ ಬರೆದು 1925ರಲ್ಲಿ ಪ್ರಕಟಿಸಿದರು. ಅದೂ ಸಂಸ್ಕೃತದಲ್ಲಿ. ಇಂಗ್ಲಿಷ್ ವೈದ್ಯದಲ್ಲಿ ಕಲಿತದ್ದನ್ನು ಹಳೆಯ ವೈದ್ಯರ ಭಾಷೆಗೇ ತಂದು ಕೊಟ್ಟರು. ನಮ್ಮ ಶಾಸ್ತ್ರದಲ್ಲಿ ಇದು ಕಡಿಮೆ ಬಿದ್ದಿದೆ ಅಂತ ಒಪ್ಪಿಕೊಂಡು ಅದನ್ನು ತುಂಬಿಸಲು ಕೂತವರನ್ನು ನಾನು ಅಭಿಮಾನಿ ಎನ್ನುತ್ತೇನೆ. ಬರೀ ಹೊಗಳುವವರನ್ನಲ್ಲ.

ಇನ್ನೊಂದು ಸಂಗತಿ ಸೇರಿಸದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಈ ವೈದ್ಯರಿಗೆ ರಂಗಭೂಮಿ ಅಂದರೆ ಪ್ರಾಣ. ಮೊದಲು ನಾಟಕ ಕಂಪನಿ ನಡೆಸಿದರು, 1939ರಲ್ಲಿ ಕಥಕಳಿ ಮೇಳ ಕಟ್ಟಿದರು. ಅದು ಇವತ್ತಿಗೂ ಪಿಎಸ್‌ವಿ ನಾಟ್ಯಸಂಘ ಅಂತ ನಡೆಯುತ್ತಿದೆ. ಹೊನ್ನಾವರ ತಾಲ್ಲೂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ಹೊತ್ತಿಗೆ, 1934ರಲ್ಲಿ, ಕೆರೆಮನೆ ಶಿವರಾಮ ಹೆಗಡೆಯವರು ಅಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದರಲ್ಲ. ಊರಿಗೆ ಮದ್ದೂ ಬೇಕು, ಆಟವೂ ಬೇಕು ಅಂತ ತಿಳಿದವರ ಕಾಲ ಅದು.

1944ರ ಜನವರಿಯಲ್ಲಿ ವಾರಿಯರ್ ತೀರಿಕೊಂಡರು. ಅದಕ್ಕೆ ಮೊದಲೇ ಉಯಿಲು ಬರೆದು ಸಂಸ್ಥೆಯನ್ನು ಟ್ರಸ್ಟ್‌ಗೆ ಒಪ್ಪಿಸಿದ್ದರು. ಲಾಭದ ಒಂದು ಪಾಲು ಸಂಸ್ಥೆ ಬೆಳೆಸಲು, ಒಂದು ಪಾಲು ಧರ್ಮಾಸ್ಪತ್ರೆಗೆ. ಮದ್ದಿನ ಗುಟ್ಟು ಮಗನಿಗೆ ಮಾತ್ರ ಅನ್ನುವ ಹಳೆಯ ಕ್ರಮ ಅಲ್ಲಿಗೆ ಮುರಿದುಬಿತ್ತು.

ಈಗ ನಮ್ಮ ಕಡೆಗೆ ಬರುತ್ತೇನೆ.

ನಮ್ಮ ಊರು ಉತ್ತರ ಕನ್ನಡ ಜಿಲ್ಲೆಯ ಕುಮಟೆ ತಾಲ್ಲೂಕಿನಲ್ಲಿ, ದೇವಿಮನೆ ಘಟ್ಟದ ಕೆಳಗೆ. ನಮ್ಮ ಚಿಕ್ಕಜ್ಜ, ಅಂದರೆ ಅಜ್ಜನ ತಮ್ಮ, ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಬೆಳಗಿನ ಜಾವ ಜನ ಬರುತ್ತಿದ್ದರು. ಬಾಯಿ ತೊಳೆದು, ಏನೂ ತಿನ್ನದೆ ಬರಬೇಕು. ಕಣ್ಣು, ಉಗುರು ನೋಡುತ್ತಿದ್ದರು. ಆಮೇಲೆ ಒಬ್ಬರೇ ತೋಟದ ಹಿಂದೆ ಹೋಗಿ ಬರುತ್ತಿದ್ದರು. ಅರೆದದ್ದನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು. ಪಥ್ಯ ಕಟ್ಟುನಿಟ್ಟು. ಎಣ್ಣೆ, ಖಾರ, ಮೀನು ಮುಟ್ಟುವಂತಿಲ್ಲ. ಗಂಜಿ, ಮಜ್ಜಿಗೆ ಅಷ್ಟೇ. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ತಂದಿಟ್ಟರೆ ಸಾಕಿತ್ತು. ಅಂಕೋಲೆಯಿಂದ, ಗೋಕರ್ಣದಿಂದ, ಘಟ್ಟದ ಮೇಲಿನಿಂದಲೂ ಜನ ಬಂದು ಜಗಲಿಯಲ್ಲಿ ಕಾಯುತ್ತಿದ್ದರು. ಜಾತಿ ಕೇಳಿದ್ದು ನನಗೆ ನೆನಪಿಲ್ಲ.

ಯಾವ ಸೊಪ್ಪು ಅಂತ ನಾನು ಸಣ್ಣವಳಿದ್ದಾಗ ಕೇಳಿದ್ದೆ. ಅವರು ನನ್ನ ತಲೆ ಸವರಿ ಹೇಳಿದ್ದು ಇಷ್ಟೇ: “ಹೇಳಿರೆ ಮದ್ದು ತಾಗ್ತಿಲ್ಲೆ ತಂಗಿ.”

ಹೇಳಿದರೆ ಮದ್ದು ತಾಗುವುದಿಲ್ಲ. ಈ ಮಾತು ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ ಕೇಳುತ್ತದೆ. ಹಾವಿನ ವಿಷಕ್ಕೆ, ಸರ್ಪಸುತ್ತಿಗೆ, ಮೂಳೆ ಮುರಿತಕ್ಕೆ, ಮೂಲವ್ಯಾಧಿಗೆ ಒಂದೊಂದು ಮನೆ, ಒಂದೊಂದು ಕೈ. ಚಿಕ್ಕಜ್ಜನೂ ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳಬೇಕು ಅಂತಿದ್ದರಂತೆ. ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ. ಮಳೆಗಾಲದಲ್ಲಿ ಒಂದು ರಾತ್ರಿ ಚಿಕ್ಕಜ್ಜನಿಗೆ ಎದೆನೋವು ಬಂತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೂ ಎಷ್ಟೋ ತಿಂಗಳು ಜನ ಬರುತ್ತಲೇ ಇದ್ದರು. ಹಳದಿ ಕಣ್ಣಿನ ಮಗುವನ್ನು ಎತ್ತಿಕೊಂಡು ಬಂದವರಿಗೆ, “ಅವ್ರು ಹೋದ್ರಲಿ” ಅಂತ ಹೇಳಿ ಆಯಿ ನೀರು ಬೆಲ್ಲ ಕೊಟ್ಟು ಕಳಿಸುತ್ತಿದ್ದಳು.

ಒಂದು ಪುಸ್ತಕ ಸಿಕ್ಕಿತು. ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರದೇ ದುಂಡು ಅಕ್ಷರ. ಮಕ್ಕಳ ಹೊಟ್ಟೆಹುಳಕ್ಕೆ, ಬಾಣಂತಿಗೆ, ಕೆಮ್ಮಿಗೆ ಎಲ್ಲ ಸರಿಯಾಗಿ ಬರೆದಿದ್ದಾರೆ. ಕಾಮಾಲೆಯ ಸಾಲಿಗೆ ಬಂದರೆ ಹೀಗಿದೆ: ‘ಗೊತ್ತಿದ್ದ ಬೇರು, ಗೊತ್ತಿದ್ದ ಕುಡಿ, ಪ್ರಾಯ ನೋಡಿ.’ ಅಷ್ಟೇ. ಪುಸ್ತಕ ಯಾರ ಕೈಗೆ ಸಿಕ್ಕರೂ ಗುಟ್ಟು ಸಿಗಬಾರದು ಅಂತ ಹಾಗೆ ಬರೆದಿಟ್ಟಿದ್ದರು. ಮೂವತ್ತು ನಲವತ್ತು ವರ್ಷ ಬೆಳಗಿನ ಜಾವ ಎದ್ದು ಊರಿಗೆ ಮದ್ದು ಕೊಟ್ಟ ಮನುಷ್ಯನ ತಿಳಿವಳಿಕೆ ಆ ಒಂದು ಸಾಲಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ನನಗೆ ಈಗಲೂ ಸಂಕಟವಾಗುತ್ತದೆ.

ಚಿಕ್ಕಜ್ಜನ ಮದ್ದಿನಿಂದಲೇ ಎಲ್ಲರೂ ಗುಣವಾದರು ಅಂತ ನಾನು ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬರುವ ಕಾಮಾಲೆಯಲ್ಲಿ ಜಾಸ್ತಿ ಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ತರದ್ದು. ಕೆಲವು ವಾರದಲ್ಲಿ ಅದು ತಾನಾಗಿ ಇಳಿಯುತ್ತದೆ. ವಿಶ್ರಾಂತಿ, ಗಂಜಿ, ಎಣ್ಣೆ ಬಿಟ್ಟದ್ದು, ಇವೂ ಕೆಲಸ ಮಾಡಿರಬಹುದು. ಆದರೆ ಪಿತ್ತಕೋಶದ ಕಲ್ಲಿನಿಂದ, ಗಡ್ಡೆಯಿಂದ ಬಂದ ಕಾಮಾಲೆಯೂ ಇರುತ್ತದೆ. ಅದಕ್ಕೆ ಆಸ್ಪತ್ರೆಯೇ ಬೇಕು. ಮದ್ದು ಎಷ್ಟು ಕೆಲಸ ಮಾಡಿತು, ಪಥ್ಯ ಎಷ್ಟು, ಕಾಲ ಎಷ್ಟು ಅಂತ ತಿಳಿಯಬೇಕಾದರೆ ಮೊದಲು ಮದ್ದು ಯಾವುದು ಅಂತ ಗೊತ್ತಿರಬೇಕು ಅಲ್ವಾ? ಹೇಳದೆ ಇದ್ದದ್ದನ್ನು ಪರೀಕ್ಷೆ ಮಾಡುವುದು ಹೇಗೆ?

ನೆಲನೆಲ್ಲಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಅಂಗಳದಲ್ಲೇ ಬೆಳೆಯುವ, ಎಲೆಯ ಕೆಳಗೆ ಸಾಲಾಗಿ ಸಣ್ಣ ಕಾಯಿ ಬಿಡುವ ಗಿಡ. ಕಾಮಾಲೆಗೆ ದೇಶದ ತುಂಬ ಬಳಸುತ್ತಾರೆ. 1988ರಲ್ಲಿ ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಅವರ ಜೊತೆಗಾರರು ಇದನ್ನು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ಕೊಟ್ಟು ನೋಡಿದರು. ಗಿಡದ ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಆಮೇಲೆ ಕಾಣಲಿಲ್ಲ. ಮದ್ದೇ ಇಲ್ಲದ ಹುಸಿಗುಳಿಗೆ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ ಇದು ಬಂದಾಗ ಜಗತ್ತೇ ತಿರುಗಿ ನೋಡಿತು. ಆಮೇಲೆ ಥಾಯ್ಲೆಂಡಿನಲ್ಲಿ, ಬೇರೆ ಕಡೆಗಳಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಇದರಿಂದ ಕೆಲವರಿಗೆ ಬೇಸರವಾಯಿತು. ನನಗೆ ಇದರಲ್ಲಿ ಬೇಸರ ಕಾಣುವುದಿಲ್ಲ. ಗಿಡದ ಹೆಸರು, ಪ್ರಮಾಣ, ದಿನ ಎಲ್ಲ ಬರೆದಿಟ್ಟದ್ದರಿಂದ ಇನ್ನೊಬ್ಬರು ಮತ್ತೆ ನೋಡಲು ಆಯಿತು. ವೈದ್ಯ ಮುಂದೆ ಹೋಗುವುದು ಹೀಗೇ.

ಹಾಗಂತ ಹೇಳದವರನ್ನು ಸ್ವಾರ್ಥಿಗಳು ಅಂತ ತಳ್ಳಿಹಾಕಬಾರದು. ನಾನು ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಮದ್ದು ಕೊಡುವ ಹಿರಿಯರ ಜೊತೆ ಕೂತು ಮಾತಾಡಿದ್ದೇನೆ. ಅವರ ಮಾತಿನಲ್ಲಿ ಮೂರ್ನಾಲ್ಕು ಕಾರಣ ಸಿಗುತ್ತವೆ. ಹೇಳಿದರೆ ಅರ್ಧ ತಿಳಿದವರು ಪ್ರಮಾಣ ತಪ್ಪಿಸಿ ಜೀವ ತೆಗೆಯುತ್ತಾರೆ ಅನ್ನುವುದು ಒಂದು. ನಮ್ಮ ಕಾಡಿನಲ್ಲಿ ಕಾಸರಕ, ಗುಲಗಂಜಿಯಂಥ ವಿಷದ ಬೀಜಗಳೂ ಮದ್ದಿಗೆ ಬರುತ್ತವೆ. ಹಾಗಾಗಿ ಈ ಹೆದರಿಕೆ ಸುಳ್ಳಲ್ಲ. ಹೇಳಿದ ಕೂಡಲೇ ಗಿಡವೇ ಉಳಿಯುವುದಿಲ್ಲ ಅನ್ನುವುದು ಇನ್ನೊಂದು. ಇದಕ್ಕೆ ನಮ್ಮ ಕಣ್ಣೆದುರಿಗೇ ಸಾಕ್ಷಿ ಇದೆ.

ಉಪ್ಪಾಗೆಯನ್ನೇ ತಗೊಳ್ಳಿ. ಶಿರಸಿ, ಸಿದ್ದಾಪುರ, ಕುಮಟೆಯ ಕಾಡಿನಲ್ಲಿ ಮಳೆಗಾಲದಲ್ಲಿ ಹಣ್ಣಾಗುವ ಮರ. ಸಿಪ್ಪೆ ಒಣಗಿಸಿ ಹುಳಿಗೆ ಇಟ್ಟುಕೊಳ್ಳುತ್ತೇವೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತೇವೆ. ಮೈ ಇಳಿಸುವ ಗುಣ ಅದರ ಸಿಪ್ಪೆಯಲ್ಲಿದೆ ಅಂತ 1990ರ ದಶಕದಲ್ಲಿ ಹೊರದೇಶದಲ್ಲಿ ಸುದ್ದಿಯಾಯಿತು. ಸಿಪ್ಪೆಗೆ ಎಲ್ಲಿಲ್ಲದ ಬೆಲೆ ಬಂತು. ಹಣ್ಣು ಉದುರುವ ತನಕ ಕಾಯುವ ತಾಳ್ಮೆ ಹೋಯಿತು. ಟೊಂಗೆ ಕಡಿದು ಕಾಯಿ ಇಳಿಸಿದರು. ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಸಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯಲ್ಲಿ, ಅದನ್ನು ತಿಂದವರಿಗೂ ಹುಸಿಗುಳಿಗೆ ತಿಂದವರಿಗೂ ತೂಕ ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ನಮ್ಮ ಕಾಡಿನಲ್ಲಿ ಆಗಬೇಕಾದ ನಷ್ಟ ಆಗಿತ್ತು. ಅಶೋಕದ ಮರಕ್ಕೂ ಇದೇ ಗತಿ. ಹೆಂಗಸರ ಕಾಯಿಲೆಯ ಮದ್ದಿಗೆ ಅದರ ತೊಗಟೆ ಬೇಕು. ತೊಗಟೆ ಸುಲಿದ ಮರ ಒಣಗುತ್ತದೆ. ಈಗ ನಿಜವಾದ ಅಶೋಕ ಕಾಡಿನಲ್ಲಿ ಸಿಗುವುದೇ ಕಷ್ಟ. ಬೇರೆ ಮರದ ತೊಗಟೆ ಅದರ ಹೆಸರಿನಲ್ಲಿ ಮಾರಾಟವಾಗುತ್ತದೆ.

ವಾರಿಯರ್ ತೆರೆದ ದಾರಿಗೆ ತೆತ್ತ ಬೆಲೆ ಇದು. ವೈದ್ಯ ತನಗೆ ಬೇಕಾದ ಒಂದು ಹಿಡಿ ಬೇರು ಕಿತ್ತು, ಉಳಿದ ಬೇರಿಗೆ ಮಣ್ಣು ಮುಚ್ಚಿ ಬರುತ್ತಿದ್ದ ಕಾಲ ಹೋಗಿ, ಲಾರಿಯಲ್ಲಿ ಬೇರು ಹೋಗುವ ಕಾಲ ಬಂತು. ಕಾರ್ಖಾನೆಗೆ ದಶಮೂಲದ ಹತ್ತು ಬೇರುಗಳೂ ಟನ್ ಲೆಕ್ಕದಲ್ಲಿ ಬೇಕು. ಬಾಟಲಿಯಿಂದ ಬಡವರಿಗೆ ಮದ್ದು ಸಿಕ್ಕಿತು ಅನ್ನುವುದು ಎಷ್ಟು ನಿಜವೋ, ಬಾಟಲಿ ನೋಡಿ ವೈದ್ಯ ಕಲಿತವರಿಗೆ ಗಿಡದ ಪರಿಚಯ ಕಡಿಮೆಯಾಯಿತು ಅನ್ನುವುದೂ ಅಷ್ಟೇ ನಿಜ.

ಇದನ್ನು ಸರಿಯಾಗಿ ಗಮನಿಸಿದವರು ಅದೇ ಮನೆಯ ಇನ್ನೊಬ್ಬರು, ಡಾ. ಪಿ. ಕೆ. ವಾರಿಯರ್. ಸಂಸ್ಥಾಪಕರ ಸೋದರಳಿಯ. ಹುಟ್ಟಿದ್ದು 1921ರ ಜೂನ್ 5. ಪಾಠಶಾಲೆಯಲ್ಲಿ ಓದುತ್ತಿದ್ದಾಗಲೇ 1942ರಲ್ಲಿ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಹೋದವರು. ಆಮೇಲೆ ಬಂದು ಓದು ಮುಗಿಸಿದರು. ಸಂಸ್ಥೆ ನೋಡಿಕೊಳ್ಳುತ್ತಿದ್ದ ಅಣ್ಣ ಮಾಧವ ವಾರಿಯರ್ 1953ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಭಾರ ಇವರ ಹೆಗಲಿಗೆ ಬಿತ್ತು. ಅಲ್ಲಿಂದ ಆರು ದಶಕಕ್ಕೂ ಹೆಚ್ಚು ಕಾಲ ಅವರೇ ನಡೆಸಿದರು. ಕಷಾಯವನ್ನು ಮಾತ್ರೆಯಾಗಿ ತಂದದ್ದು ಅವರ ಕಾಲದಲ್ಲಿ. ಪ್ರಯಾಣ ಮಾಡುವವರಿಗೆ ಅದು ಎಷ್ಟು ಅನುಕೂಲ ಅಂತ ಕಷಾಯದ ಬಾಟಲಿ ಬಸ್ಸಿನಲ್ಲಿ ಹೊತ್ತವರಿಗೆ ಗೊತ್ತು. ಔಷಧಿ ಗಿಡಗಳ ತೋಟ, ಗಿಡಗಳ ಸಂಶೋಧನೆಗೇ ಒಂದು ಕೇಂದ್ರ ಕಟ್ಟಿದರು. ಭಾರತದ 500 ಔಷಧಿ ಗಿಡಗಳ ವಿವರ ಇರುವ ಐದು ಸಂಪುಟಗಳ ಗ್ರಂಥ 1990ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ಬಂತು. ಗಿಡದ ಚಿತ್ರ, ಹಲವು ಭಾಷೆಯ ಹೆಸರು, ಯಾವ ಭಾಗ ಯಾವುದಕ್ಕೆ, ಎಲ್ಲ ಅದರಲ್ಲಿದೆ. ಯಾರು ಬೇಕಾದರೂ ಓದಬಹುದು.

2010ರಲ್ಲಿ ಪದ್ಮಭೂಷಣ ಬಂತು. 2021ರ ಜೂನ್‌ನಲ್ಲಿ ನೂರು ತುಂಬಿತು. ಜುಲೈ 10ರಂದು ತೀರಿಕೊಂಡರು. ಅವರ ಹೆಸರು ಹೊತ್ತ ಒಂದು ಕಾಡುಗಿಡವೂ ಇದೆ, ಜಿಮ್ನೋಸ್ಟಾಕಿಯಂ ವಾರಿಯರಾನಂ. ವೈದ್ಯರಿಗೆ ಪದ್ಮ ಪ್ರಶಸ್ತಿಗಿಂತ ಇದು ಚೆಂದದ ಗೌರವ ಅಂತ ನನ್ನ ಅಭಿಪ್ರಾಯ.

ಆಯಿಯ ಮಂಡಿನೋವಿಗೆ ನಾವೂ ಕೊಟ್ಟಕ್ಕಲ್‌ಗೆ ಹೋಗಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ನಮಗೆ ಮಲಬಾರು ದೂರ ಅಲ್ಲ. ತಿರೂರಿನಲ್ಲಿ ಇಳಿದರೆ ಹತ್ತಿರ. ಬಿಸಿ ಎಣ್ಣೆ ಹೊಯ್ಯುವ ಪಿಳಿಚ್ಚಿಲ್, ನವರ ಅಕ್ಕಿಯನ್ನು ಹಾಲು ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟಿ ಉಜ್ಜುವ ನವರಕಿಳಿ. ಆಯಿಗೆ ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನಾನು ಅಲ್ಲಿ ಜಾಸ್ತಿ ಹೊತ್ತು ಕಳೆದದ್ದು ಗಿಡಗಳ ತೋಟದಲ್ಲಿ. ಪ್ರತಿ ಗಿಡದ ಎದುರಿಗೂ ಹೆಸರಿನ ಫಲಕ. ಶಾಲೆ ಮಕ್ಕಳು ಬರೆದುಕೊಳ್ಳುತ್ತಿದ್ದರು. ನಮ್ಮ ತೋಟದ ಹಿಂದೆ ಬೆಳೆಯುವ ಗಿಡಗಳಲ್ಲಿ ಎಷ್ಟೋ ಅಲ್ಲಿದ್ದವು. ಚಿಕ್ಕಜ್ಜ ಹೆಸರು ಹೇಳದೆ ಕಿತ್ತು ತಂದದ್ದು ಇವುಗಳಲ್ಲೇ ಒಂದಿರಬಹುದು ಅಂತ ಪ್ರತಿ ಫಲಕದ ಮುಂದೆಯೂ ನಿಂತು ಓದಿದೆ.

ಹೇಳಿದವರ ಸಾಲು ಹಳೆಯದು. 1675ರಲ್ಲಿ ಕೊಚ್ಚಿಯಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಪುಸ್ತಕ ಮಾಡಿಸುತ್ತಿದ್ದಾಗ ಇಟ್ಟಿ ಅಚ್ಯುತನ್ ಎಂಬ ಈಳವ ಸಮುದಾಯದ ವೈದ್ಯರು ತಮ್ಮ ಮನೆಯ ಗ್ರಂಥದಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದರು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಹೇಳಿದರು, ನಾಗರಿ ಅಕ್ಷರದಲ್ಲಿ ಬರೆದು ಸಹಿ ಮಾಡಿಕೊಟ್ಟರು. ಕಾರವಾರದ ನನ್ನ ಕೊಂಕಣಿ ಗೆಳತಿಗೆ ಆ ಹಾಳೆಯ ಚಿತ್ರ ತೋರಿಸಿದಾಗ ಅವಳ ಕಣ್ಣು ತುಂಬಿತು. ‘ಹೋರ್ಟುಸ್ ಮಲಬಾರಿಕುಸ್’ ಅಂತ 12 ಸಂಪುಟಗಳಲ್ಲಿ, 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ಅಚ್ಚಾಯಿತು. 742 ಗಿಡಗಳ ವಿವರ. ಆ ನಾಲ್ವರ ಹೆಸರು ಮೊದಲ ಸಂಪುಟದಲ್ಲೇ ಇದೆ. ಹೆಸರು ಹಾಕಿದ್ದು ಮುಖ್ಯ. ಹೇಳಿಸಿಕೊಂಡವರು ಹೇಳಿದವರನ್ನು ಮರೆತಿದ್ದರೆ ಅದು ಕಳವು ಆಗುತ್ತಿತ್ತು.

ಕಳವಿನ ಹೆದರಿಕೆಯನ್ನೂ ಸುಮ್ಮನೆ ಬಿಡುವಂತಿಲ್ಲ. ತಿರುವನಂತಪುರದ ಕಡೆಯ ಅಗಸ್ತ್ಯ ಬೆಟ್ಟದ ಕಾಣಿ ಬುಡಕಟ್ಟಿನ ಜನರದು ಗೊತ್ತಿರಬೇಕಾದ ಕಥೆ. ಕಾಡಿನಲ್ಲಿ ದಾರಿ ತೋರಿಸಲು ಬಂದ ಕಾಣಿಗಳು ಒಂದು ಸಣ್ಣ ಕಾಯಿ ತಿಂದು ದಣಿವಿಲ್ಲದೆ ನಡೆಯುತ್ತಿದ್ದುದನ್ನು 1987ರಲ್ಲಿ ವಿಜ್ಞಾನಿಗಳು ಗಮನಿಸಿದರು. ಒತ್ತಾಯ ಮಾಡಿ ಕೇಳಿದ ಮೇಲೆ ಗಿಡ ತೋರಿಸಿದರು, ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಎಂಬ ಔಷಧಿಯಾಯಿತು. ಕೊಯಮತ್ತೂರಿನ ಕಂಪನಿಗೆ ತಯಾರಿಸುವ ಹಕ್ಕು ಕೊಟ್ಟು, ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಪಂದವಾಯಿತು. ಅವರದೇ ಟ್ರಸ್ಟ್ ಕಟ್ಟಿದರು. ಜಗತ್ತೇ ಮೆಚ್ಚಿತು. ಆದರೂ ಅವರಲ್ಲೇ ಮದ್ದು ಕೊಡುವ ಹಿರಿಯರು ಒಪ್ಪಲಿಲ್ಲ. ಒಬ್ಬಿಬ್ಬರು ಹೇಳಿದರು ಅಂತ ಎಲ್ಲರದು ಹೋಗಬೇಕಾ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂತು. ಪ್ರತಿ ಪಂಚಾಯ್ತಿಯೂ ತನ್ನ ಗಿಡ, ಮದ್ದು, ತಿಳಿವಳಿಕೆಯ ದಾಖಲೆ ಮಾಡಬೇಕು ಅಂತ ಅದರಲ್ಲಿದೆ. 2023ರ ತಿದ್ದುಪಡಿಯಲ್ಲಿ, ಗ್ರಂಥಗಳಲ್ಲಿ ಈಗಾಗಲೇ ಇರುವ ಜ್ಞಾನ ಬಳಸುವವರು ಲಾಭದ ಪಾಲು ಕೊಡಬೇಕಿಲ್ಲ ಅಂತ ವಿನಾಯಿತಿ ಸೇರಿತು. ಹೀಗಾಗಿ ಬಾಯಿಮಾತಿನ ತಿಳಿವಳಿಕೆಯನ್ನು ಬರೆದಿಡುವಾಗ ಯಾರದು, ಎಲ್ಲಿಯದು, ಯಾವ ಷರತ್ತಿನಲ್ಲಿ ಹೇಳಿದರು ಅನ್ನುವುದನ್ನೂ ಬರೆಯಲೇಬೇಕು. ಇಲ್ಲದಿದ್ದರೆ ಹೇಳಿದವರಿಗೆ ಮೋಸವಾಗುತ್ತದೆ.

ನಮ್ಮ ಜಿಲ್ಲೆಯಲ್ಲೂ ಧಾರಾಳವಾಗಿ ಹೇಳಿದವರಿದ್ದಾರೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವುದು ತಾಯಿಮರ, ಎಲ್ಲ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ ಕೇಳಿದವರಿಗೆಲ್ಲ ತೋರಿಸಿಕೊಟ್ಟರು. ಪದ್ಮಶ್ರೀ ತಗೊಳ್ಳಲು ಬರಿಗಾಲಲ್ಲಿ ಹೋದರು. 2024ರ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು. ಅವರು ತೋರಿಸಿದ್ದು ಎಷ್ಟೋ ಜನರ ಕೈಯಲ್ಲಿ ಉಳಿದಿದೆ. ದೇವಿಮನೆ ಘಟ್ಟದಲ್ಲಿ ಅರಣ್ಯ ಇಲಾಖೆ ಔಷಧಿ ಗಿಡಗಳಿಗೇ ಒಂದು ಸಂರಕ್ಷಿತ ಜಾಗ ಮಾಡಿ ಎಷ್ಟೋ ವರ್ಷವಾಯಿತು. ಗಿಡಗಳಿಗೆ ಜಾಗ ಇದೆ. ಗಿಡ ಗುರುತಿಸುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಇನ್ನೊಂದು ಮಾತು ಹೇಳಲೇಬೇಕು. ಪಾರ್ಶ್ವವಾಯುವಿಗೆ ನಾಟಿ ಮದ್ದು ಬೇಕೆಂದು ಅಂಕೋಲೆಯ ಬೆಳಂಬಾರಕ್ಕೆ ದೂರ ದೂರದಿಂದ ಜನ ಬರುತ್ತಾರೆ. ಆ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಪಾರ್ಶ್ವವಾಯು ಹೊಡೆದ ಕೂಡಲೇ ಮೊದಲು ಹೋಗಬೇಕಾದದ್ದು ಸ್ಕ್ಯಾನ್ ಇರುವ ಆಸ್ಪತ್ರೆಗೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸುಮಾರು ನಾಲ್ಕೂವರೆ ಗಂಟೆಯ ಒಳಗೆ ತಲುಪಬೇಕು. ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅನ್ನುವ ನಮ್ಮ ಜಿಲ್ಲೆಯಲ್ಲಿ ಆ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ. ಕಣ್ಣು ತೋರಿಸಲು ಮಂಜೇರಿಗೆ ಹೋದ ವಾರಿಯರ್ ಅವರಿಗೆ ಯಾವುದಕ್ಕೆ ಎಲ್ಲಿಗೆ ಹೋಗಬೇಕು ಅನ್ನುವ ವಿವೇಕ ಇತ್ತು. ಅವರ ಹೆಸರು ಹೇಳುವ ನಾವು ಅದನ್ನೂ ಕಲಿಯಬೇಕು.

ಈಗ ನಾನೊಂದು ಕೆಲಸಕ್ಕೆ ಕೈ ಹಾಕಿದ್ದೇನೆ. ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬ ಹಾಲಕ್ಕಿ ಅಜ್ಜಿ ಇದ್ದಾರೆ. ಬಾಣಂತಿ ಮದ್ದು, ಮಕ್ಕಳ ಮದ್ದು ಕೊಡುತ್ತಾರೆ. ಚಿಕ್ಕಜ್ಜನ ಪುಸ್ತಕ ಓದಿ ಹೇಳಿದಾಗ, ಕಾಮಾಲೆಯ ಸಾಲು ಬಂದ ಕೂಡಲೇ ತಮಗೆ ಆ ಬಳ್ಳಿ ಗೊತ್ತು ಅಂದರು. ಸಣ್ಣವರಿದ್ದಾಗ ನಮ್ಮ ತೋಟಕ್ಕೆ ಸೊಪ್ಪು ತರಲು ಬಂದಾಗ ಕಂಡಿದ್ದರಂತೆ. ಬರೆದುಕೊಳ್ಳಲಾ ಅಂತ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ ಮೂರು ಷರತ್ತು ಹಾಕಿದರು. ತಮ್ಮ ಹೆಸರು, ಚಿಕ್ಕಜ್ಜನ ಹೆಸರು ಎರಡೂ ದಾಖಲೆಯಲ್ಲಿ ಇರಬೇಕು. ಕಂಪನಿಯವರಿಗೆ ಕೊಡುವುದಾದರೆ ಮೊದಲು ಊರವರನ್ನು ಕೇಳಬೇಕು. ಬಳ್ಳಿ ಇರುವ ಜಾಗವನ್ನು ಎಲ್ಲೂ ಬರೆಯಬಾರದು. ಮೂರಕ್ಕೂ ಒಪ್ಪಿದ್ದೇನೆ. ಪಂಚಾಯ್ತಿಯ ಜೀವವೈವಿಧ್ಯ ದಾಖಲೆಗೆ ಈ ಷರತ್ತುಗಳ ಸಮೇತವೇ ಕೊಡುತ್ತೇನೆ. ಪರೀಕ್ಷೆಯಾಗುವ ತನಕ ಅದನ್ನು ಯಾರಿಗೂ ಮದ್ದಾಗಿ ಕೊಡುವುದಿಲ್ಲ, ಕೊಡಿ ಅಂತಲೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ಬಳ್ಳಿ ಒಣಗಿ ಗುರುತು ಸಿಗುವುದಿಲ್ಲ, ಎರಡು ಮಳೆ ಬಿದ್ದು ಚಿಗುರಿದ ಮೇಲೆ ಬಾ ಅಂದಿದ್ದಾರೆ. ಹಾಗಾಗಿ ಜೂನ್ ಕೊನೆಗೆ ಹೋಗುತ್ತೇವೆ. ಗಿಡದ ಶಾಸ್ತ್ರೀಯ ಹೆಸರು ಖಚಿತ ಮಾಡಲು ಸಸ್ಯಶಾಸ್ತ್ರ ಬಲ್ಲವರು ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಶಿರಸಿ, ಕುಮಟೆ ಕಡೆಯವರು ಯಾರಾದರೂ ಬರಲು ಸಿದ್ಧರಿದ್ದರೆ ನನಗೆ ತಿಳಿಸಿ. ಕಾರವಾರ, ಅಂಕೋಲೆ ಕಡೆಯ ಹಳೆಯ ಮನೆಗಳಲ್ಲಿ ಮೋಡಿ ಅಕ್ಷರದ (ಮರಾಠಿಯ ಹಳೆಯ ಲಿಪಿ) ಔಷಧಿ ಪುಸ್ತಕಗಳು ಅಟ್ಟದ ಮೇಲೆ ಇರುತ್ತವೆ. ಅವನ್ನು ಓದಲು ಬರುವವರು ಗೊತ್ತಿದ್ದರೂ ತಿಳಿಸಿ. ಗೆಳತಿಯ ಮನೆಯಲ್ಲಿ ಅಂಥ ಎರಡು ಪುಸ್ತಕ ಇವೆ, ಹಾಳೆಗಳಿಗೆ ಈಗಾಗಲೇ ಗೆದ್ದಲು ಹತ್ತಿದೆ.